ಅಮೀರ್‌ಬೀಯ ಖಾರದ ಭರಣಿ

ಚಿತ್ತಾಪುರ
೨೬ ಏಪ್ರಿಲ್ ೧೯೭೪

ಪೇಟಿ ಮಾಸ್ತರ ಬಂದೇನವಾಜನಿಗೆ ಗುರುಲಿಂಗಯ್ಯನ ಗಟ್ಟಿ ಅಪ್ಪುಗೆ.

ಪರದೆ ಮೇಲೇಳಲಿ. ದೃಶ್ಯ: ನನ್ನ ಅಡುಗೆಮನೆ. ನೀನು ಶಹಾಬಾದಿನಿಂದ ಲಾರಿಯಲ್ಲಿ ಹಾಕಿಸಿ ಕಳಿಸಿದ ಪರ್ಸಿಕಲ್ಲಿನ ಚಪ್ಪಡಿಗಳು ಗೋಡೆಯಲ್ಲಿ ಕೂತು, ಒಂದರ ಮೇಲೊಂದು ಮೂರು ಅಂತಸ್ತಾಗಿ ನಿಂತಿವೆ. ಕೈಯಿಟ್ಟರೆ ಬೇಸಿಗೆಯಲ್ಲೂ ತಂಪು. ನಾಟಕ ಕಂಪನಿ ಮುಚ್ಚಿದ ಮೇಲೆ ರಂಗದ ಮೇಲೆ ನಿಲ್ಲುವ ಭಾಗ್ಯ ನನಗೆ ತಪ್ಪಿತು. ಮಸಾಲೆ ಡಬ್ಬಿಗಳನ್ನು ನಿಲ್ಲಿಸುವ ಭಾಗ್ಯವಾದರೂ ಬಂತಲ್ಲ, ಮಾರಾಯ.

ಪಾರ್ಟು ಹಂಚಿದ್ದು ನಾನೇ. ಮೇಲಿನ ಕಲ್ಲಿನ ಮೇಲೆ ಲವಂಗ, ದಾಲ್ಚಿನ್ನಿ, ಯಾಲಕ್ಕಿ. ಇವರು ರಾಜಮನೆತನ, ಹಬ್ಬಕ್ಕೊಮ್ಮೆ ಪ್ರವೇಶ. ನಡುವೆ ಜೀರಿಗೆ, ಸಾಸಿವೆ, ಮೆಂತೆ, ಅರಿಶಿನ. ದಿನಾ ಬಣ್ಣ ಹಚ್ಚುವ ನಟರು. ಇಂಗು ಖಳನಾಯಕ. ಡಬ್ಬಿಯೊಳಗೆ ಡಬ್ಬಿ ಇಟ್ಟು ಬಂಧಿಸಿದರೂ ಅವನಿಗಿಂತ ಮೊದಲು ಅವನ ವಾಸನೆ ರಂಗಕ್ಕೆ ಬರುತ್ತದೆ. ಹೀಗೆ ನಾನು ಸಜ್ಜುಗೊಳಿಸಿ ಹಿಂದೆ ಸರಿದು ನೋಡುತ್ತಿದ್ದರೆ ಶಿವಕಾಂತಮ್ಮ ಬಂದು ಎಲ್ಲ ಕೆಡಿಸಿದಳು. “ಒಲಿ ಮ್ಯಾಲ ಲವಂಗ ಇಟ್ರ ಬಿಸಿಗೆ ಅದರ ಗುಣಾ ಎಲ್ಲಾ ಹಾರಿ ಹೋಗ್ತದ್ರಿ. ನಿಮ್ಮ ರಾಜರನ್ನ ಅಲ್ಲಿಂದ ಕೆಳಗ ಇಳಸ್ರಿ” ಎಂದಳು. ಇಳಿಸಿದೆ. ಹೆಂಡತಿಯ ಮುಂದೆ ಯಾವ ಸಾಮ್ರಾಟ ನಿಂತಾನು?

ಆದರೆ ಕೆಳಗಿನ ಕಲ್ಲಿನ ಮೂಲೆ, ಬೆಳಕೂ ಬಿಸಿಯೂ ತಾಗದ ಜಾಗ, ಅದನ್ನು ಮಾತ್ರ ಯಾರಿಗೂ ಬಿಟ್ಟುಕೊಟ್ಟಿಲ್ಲ. ಅದು ನಮ್ಮ ಅಮೀರ್‌ಬೀ ಭಾಬಿಯವರ ಮಸಾಲೆಖಾರದ ಸಿಂಹಾಸನ. ಸದ್ಯ ಖಾಲಿ. ಹೋದ ವರ್ಷದ ಭರಣಿಯ ತಳವನ್ನು ಯುಗಾದಿಯ ಹಿಂದೆಯೇ ನಾನು ರೊಟ್ಟಿಯಿಂದ ಸವರಿ ಉಂಡೆ. ಈ ವರ್ಷದ್ದು ಎಂದು ಬರುತ್ತದೆ?

ಹಳೆಯ ಭರಣಿಗಳನ್ನು ತಿರುಗಿ ಕಳಿಸಿರೆಂದು ಭಾಬಿ ಕೇಳಿದ್ದಾರೆ. ದೊಡ್ಡ ಮನಸ್ಸು ಮಾಡಬೇಕು. ಎಲ್ಲದರಲ್ಲೂ ಇವಳು ಉಪ್ಪಿನಕಾಯಿ ತುಂಬಿಬಿಟ್ಟಿದ್ದಾಳೆ.

ಒಂದೇ ತಾಟಿನಲ್ಲಿ ಉಂಡವನು,
ಗುರುಲಿಂಗಯ್ಯ


ಶಹಾಬಾದ
೧೨ ಮೇ ೧೯೭೪

ಗೆಳೆಯ ಗುರುಲಿಂಗಯ್ಯ,

ನಿನ್ನ ಕಾಗದವನ್ನು ಅಮೀರ್‌ಬೀಗೆ ಓದಿ ಹೇಳಿದೆ. ಓಣಿಯ ಹೆಣ್ಣುಮಕ್ಕಳೂ ಕೂತಿದ್ದರು. ಪ್ರತಿ ವರ್ಷ ಖಾರದ ಕಾಗದ ಬಂತೆಂದರೆ ನಮ್ಮ ಮನೆಯಲ್ಲಿ ನಾಟಕವೇ. ನಿನ್ನ ದನಿ ತೆಗೆದು ಓದಲು ನನಗೆ ಬರುವುದಿಲ್ಲ, ಕಂಪನಿಯ ಹಾರ್ಮೋನಿಯಂ ಬಿಟ್ಟು ಹೊಲಿಗೆ ಮಿಷನ್ನಿನ ಮುಂದೆ ಕೂತು ಕೂತು ಗಂಟಲೇ ಹೋಗಿದೆ. ಆದರೂ ಇಂಗಿನ ಮಾತಿಗೆ ಎಲ್ಲರೂ ನಕ್ಕರು.

ಭರಣಿಗಳ ಮಾತು ಬಿಡು. ಉಪ್ಪಿನಕಾಯಿ ಹಾಕಿದ್ದರೆ ಅವೂ ಬದುಕಿದಂತೆಯೇ. ಅವಳು ಬಜಾರಿಗೆ ಹೋಗಿ ಹೊಸ ಚೀನಿ ಭರಣಿಗಳ ಜೋಡಿಯೊಂದನ್ನು ತಂದಿದ್ದಾಳೆ. ಬಿಳಿ ಮೈ, ಕಂದು ಕೊರಳು, ಅವಳಿಜವಳಿಯ ಹಾಗೆ. ಒಂದು ನಿನಗೆ, ಒಂದು ಮನೆಗೆ. ಅಂಬಾರಾಯ ಚಿತ್ತಾಪುರದವನು, ವಾಡಿ ಸ್ಟೇಷನ್ನಿನಲ್ಲಿ ಕೆಲಸ ಮಾಡುತ್ತಾನೆ. ಅವನ ಕೈಯಲ್ಲಿ ನಿನ್ನದನ್ನು ಕಳಿಸಿದ್ದೇನೆ.

ಇಡುವ ರೀತಿಯನ್ನು ಪ್ರತಿ ಸಲ ಬರೆಸುತ್ತಾಳೆ, ಈ ಸಲವೂ ಬರೆಸಿದ್ದಾಳೆ. ಬಾಯಿಗೆ ಕಟ್ಟಿದ ಬಟ್ಟೆಯನ್ನು ಒದ್ದೆ ಕೈಯಿಂದ ಬಿಚ್ಚಬಾರದು. ತಳದಲ್ಲಿ, ನಡುವೆ, ಮೇಲೆ ಇಂಗಿನ ಹರಳು ಇಟ್ಟಿದ್ದಾಳೆ, ಅವನ್ನು ತೆಗೆಯಬಾರದು. ವಾರಕ್ಕೆ ಬೇಕಾದಷ್ಟನ್ನು ಕಟ್ಟಿಗೆಯ ಚಮಚದಿಂದ ಸಣ್ಣ ಡಬ್ಬಿಗೆ ತೆಗೆದುಕೊಂಡು ಮತ್ತೆ ಬಿಗಿಯಾಗಿ ಕಟ್ಟಬೇಕು. ಇಲ್ಲಿ ಗಾಳಿಯಲ್ಲಿ ಸಿಮೆಂಟಿನ ಧೂಳು, ಅದಕ್ಕೆ ಅವಳು ಎರಡೆರಡು ಬಟ್ಟೆ ಕಟ್ಟುವುದು.

ಈ ವರ್ಷ ಖಾರದಲ್ಲಿ ಹೊಸದೇನೋ ಒಂದನ್ನು ಸೇರಿಸಿದ್ದಾಳಂತೆ. ನನಗೂ ಹೇಳುತ್ತಿಲ್ಲ. “ಸ್ವಾಮ್ಯಾರ ನಾಲಗಿ ಕಂಡುಹಿಡೀತದ, ಬರೀಲಿ ನೋಡೋಣು” ಎನ್ನುತ್ತಾಳೆ. ಬೇಗ ಬರೆ. ಅಂಚೆಯವನ ದಾರಿ ನೋಡುವುದೇ ಅವಳಿಗೆ ಕೆಲಸವಾಗಿದೆ.

ಇಂತು,
ಬಂದೇನವಾಜ್


ಚಿತ್ತಾಪುರ
೨೦ ಮೇ ೧೯೭೪

ಪೇಟಿ ಮಾಸ್ತರನೇ, ಭಾಬಿಯವರೇ, ಓಣಿಯ ಸಮಸ್ತ ತಾಯಂದಿರೇ, ಕೇಳಿರಿ.

ಭರಣಿ ಬಂತು. ಅಂಬಾರಾಯ ಹೊಸಿಲಲ್ಲಿ ಇಳಿಸಿ ಹೋದ. ಬಟ್ಟೆ ಬಿಚ್ಚಿದ್ದೇ ತಡ, ಪರಿಮಳ ಪಡಸಾಲೆ ದಾಟಿ, ಅಂಗಳ ದಾಟಿ, ಬೀದಿಯಲ್ಲಿ ಹೋಗುವವರನ್ನು ಕೈಹಿಡಿದು ನಿಲ್ಲಿಸಿತು. ಬಣ್ಣವೋ, ಹೊಸ ಮದುವಣಗಿತ್ತಿಯ ಸೀರೆಯ ಕೆಂಪು. ಅಂದೇ ಬದನೆಕಾಯಿ ಎಣಗಾಯಿ ಮಾಡಿಸಿದೆ. ಮೊದಲ ತುತ್ತಿಗೆ ನೆತ್ತಿ ಬಿಸಿಯಾಯಿತು. ಎರಡನೆಯದಕ್ಕೆ ಕಣ್ಣಲ್ಲಿ ನೀರು. ಮೂರನೆಯದಕ್ಕೆ ನಮ್ಮ ಕಂಪನಿಯ ದಿನಗಳೆಲ್ಲ ಎದುರಿಗೆ ಬಂದು ನಿಂತವು: ಸುಲೇಪೇಟೆಯ ಮೊಕ್ಕಾಂ, ಆಟ ಮುಗಿದ ಮೇಲೆ ಮುಖದ ಬಣ್ಣವನ್ನೂ ತೊಳೆಯದೆ ನಾನು ಕಿರೀಟ ಪಕ್ಕಕ್ಕಿಟ್ಟು ನಿನ್ನ ತಾಟಿಗೆ ಕೈಹಾಕಿದ್ದು, ನೀನು “ಅರಸರು ಸಾವಕಾಶ ಉಣ್ರಿ, ಬಡವಗೂ ಒಂಚೂರು ಉಳಸ್ರಿ” ಎಂದದ್ದು.

ಹೊಸದಾಗಿ ಸೇರಿಸಿದ್ದು ಏನು? ಗಸಗಸೆ. ಹುರಿದ ಗಸಗಸೆ. ಕೇಳಬೇಕೇ? ನಾಲಗೆಯ ತುದಿಯಲ್ಲಿ ಖಾರ ಕುಣಿದು ಹೋದ ಮೇಲೆ ಹಿಂದಿನಿಂದ ತಣ್ಣಗೆ ಬಂದು ಕೈಮುಗಿಯುವ ಆ ಪಾತ್ರವನ್ನು ನಾನು ಗುರುತಿಸದಿದ್ದರೆ ಮತ್ತಾರು ಗುರುತಿಸಬೇಕು? ಶಿವಕಾಂತಮ್ಮ ಮತ್ತೆ ಮತ್ತೆ ಬಡಿಸಿಕೊಂಡಳು. ವನ್ಸ್ ಮೋರ್, ಭಾಬಿ, ವನ್ಸ್ ಮೋರ್.

ನಿಮ್ಮ ಖಾರದ ಋಣದವನು,
ಗುರುಲಿಂಗಯ್ಯ


ಶಹಾಬಾದ
೨ ಜೂನ್ ೧೯೭೪

ಗುರುಲಿಂಗಯ್ಯ ಸ್ವಾಮಿಗಳಿಗೆ,

ನಿಮ್ಮ ಕಾಗದ ಗುರುವಾರ ಬಂತು. ಎಂದಿನಂತೆ ಎಲ್ಲರ ಮುಂದೆ ಓದಿದೆ. ಗಸಗಸೆಯ ಮಾತಿಗೆ ಅಮೀರ್‌ಬೀ ಅಲ್ಲವೆಂದು ತಲೆಯಾಡಿಸಿ ನಕ್ಕಳು.

ಮರುದಿನ ಶುಕ್ರವಾರ. ಹಳೆಯ ಸೀಗೆಪುಡಿ ಮುಗಿದಿತ್ತು, ತಲೆ ತೊಳೆದುಕೊಳ್ಳಲು ಬಚ್ಚಲಿಗೆ ಹೋಗುವ ಮುಂದೆ ಸೀಗೆಪುಡಿಯ ಹೊಸ ಭರಣಿ ಬಿಚ್ಚಿದಳು. ಒಳಗೆ ಖಾರವಿತ್ತು. ಇನ್ನೊಂದು ಭರಣಿ ಮನೆಯಲ್ಲಿ ಇರಲಿಲ್ಲ. ಅಂದರೆ ಅಂಬಾರಾಯ ನಿಮಗೆ ತಂದುಕೊಟ್ಟದ್ದು ಸೀಗೆಪುಡಿ. ಅವಳಿ ಭರಣಿಗಳನ್ನು ಒಂದೇ ದಿನ ತುಂಬಿ, ಒಂದೇ ಥಾನಿನ ಬಟ್ಟೆ ಕಟ್ಟಿ, ಪಕ್ಕಪಕ್ಕದಲ್ಲಿ ಇಟ್ಟದ್ದು ಅವಳ ತಪ್ಪು. ಅದನ್ನು ಅವಳು ಒಪ್ಪುತ್ತಾಳೆ.

ಮೊದಲು ನಕ್ಕಳು. “ಅಯ್ಯ, ಸ್ವಾಮ್ಯಾರು ಸೀಗೀಪುಡಿ ಎಣಗಾಯಿ ಉಂಡಾರ, ನೊರಿ ಬಂದಿರಬೇಕು” ಎಂದು ಕೂತಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ನಿಂತಿತು. ಭರಣಿಯ ಬಾಯಿಗೆ ಮತ್ತೆ ಬಟ್ಟೆ ಕಟ್ಟಿದಳು. ಕೊನೆಗೆ ಕೇಳಿದಳು: “ಹ್ವಾದ ವರ್ಷನೂ ಹಿಂಗೇ ಬರದಿದ್ರಲ್ರೀ? ಅದರ ಹಿಂದಿನ ವರ್ಷನೂ?”

ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದ್ದರೆ ಬರೆಯಿರಿ. ಈ ಕಾಗದವನ್ನು ಅವಳು ಓಣಿಯವರ ಮುಂದೆ ಓದಿಸುವುದಿಲ್ಲ. ಖಾರಕ್ಕೆ ಹೊಸದಾಗಿ ಏನು ಸೇರಿಸಿದ್ದಳೆಂದು ಹೇಳುವ ಮನಸ್ಸೂ ಈಗ ಅವಳಿಗಿಲ್ಲ.

ಬಂದೇನವಾಜ್


ಚಿತ್ತಾಪುರ
೯ ಜೂನ್ ೧೯೭೪

ಪ್ರಿಯ ಬಂದೇನವಾಜ್,

ಇದೆಂಥ ಮಾತು, ಇದೆಂಥ ಅನುಮಾನ! ಕೇಳು. ಭರಣಿ ಬಂದ ದಿನ ನಾನು ಊರಲ್ಲಿರಲಿಲ್ಲ, ತೆಂಗಳಿಗೆ ಪೂಜೆಗೆ ಹೋಗಿದ್ದೆ. ತಿರುಗಿ ಬಂದಾಗ ಎಣಗಾಯಿ ಸಿದ್ಧವಿತ್ತು. ಅದಕ್ಕೆ ಇವಳು ಹಾಕಿದ್ದು ಹೋದ ವರ್ಷದ ಖಾರ. ಒಂದು ಡಬ್ಬಿಯಲ್ಲಿ ಎತ್ತಿಟ್ಟಿದ್ದಳಂತೆ. ಅದನ್ನೇ ಈ ವರ್ಷದ್ದೆಂದು ತಿಳಿದು ನಾನು ಬರೆದೆ. ಬಟ್ಟೆ ಬಿಚ್ಚಿದ್ದು, ಪರಿಮಳ ಬೀದಿಗೆ ಹೋದದ್ದು, ಅದೆಲ್ಲ ನಟನ ಬಾಯಿಯ ಅಲಂಕಾರ. ಅಷ್ಟನ್ನು ನೀನು ಬಲ್ಲೆ.

ಇನ್ನು ಹಿಂದಿನ ವರ್ಷಗಳ ಮಾತು. ನಮ್ಮದು ಅಯ್ಯನವರ ಮನೆ. ಶಿವಕಾಂತಮ್ಮನ ಮಡಿ ಸ್ವಲ್ಪ ಬಿಗಿ. ಒಂದೊಂದು ಸಲ ಅವಳು ಹಿಂದೆಮುಂದೆ ನೋಡುತ್ತಾಳೆ. ಹೆಂಗಸರ ವಿಷಯ, ನಾನೇನು ಮಾಡಲಿ? ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮತ್ತೆ ಈ ‘ಸ್ವಾಮಿಗಳು’, ‘ನೀವು’ ಎಂಬುದು ನಮ್ಮ ನಡುವೆ ಬೇಡ, ಎದೆಗೆ ಇರಿಯುತ್ತದೆ.

ನಿನ್ನವನೇ ಆದ,
ಗುರುಲಿಂಗಯ್ಯ


ಚಿತ್ತಾಪುರ
೧೪ ಜುಲೈ ೧೯೭೪

ಅಕ್ಕ ಅಮೀರ್‌ಬೀ ಅವರಿಗೆ ಶಿವಕಾಂತಮ್ಮ ಶರಣು ಮಾಡಿ ಬರೆಯುವುದು.

ಇದನ್ನು ಬಂದೇನವಾಜ್ ಅಣ್ಣನವರು ಓದಿ ಹೇಳಬೇಕು. ಒಂದು ಸಾಲನ್ನೂ ಬಿಡಬಾರದು. ನಿಮ್ಮಿಂದ ಕಾಗದ ಬರಲೊಲ್ಲದೆಂದು ಇವರು ಉಣ್ಣುವುದನ್ನೇ ಕಡಿಮೆ ಮಾಡಿದ್ದರು. ಏನೆಂದು ಕೇಳಿದರೆ ಸಿಡುಕುತ್ತಿದ್ದರು. ಮೊನ್ನೆ ನಾನು ಗಟ್ಟಿಯಾಗಿ ಕೇಳಿದ ಮೇಲೆ ಜೂನ್‌ನಲ್ಲಿ ಏನು ಬರೆದೆನೆಂದು ಹೇಳಿದರು. ನನ್ನ ಮಡಿಯ ಮೇಲೆ ಹಾಕಿದ್ದನ್ನೂ ಹೇಳಿದರು.

ನೀವು ಕಳಿಸಿದ ಖಾರವನ್ನು ಈ ಮನೆಯಲ್ಲಿ ಯಾರೂ ಉಂಡಿಲ್ಲ. ಮೊದಲ ವರ್ಷದ ಭರಣಿ ಬಂದಾಗ ಇವರೇ ಅದನ್ನು ಅಟ್ಟಕ್ಕೆ ಏರಿಸಿದರು. “ಭಕ್ತರು ಬರ್ತಾರ, ಪೂಜಿ ಹೇಳಿಸ್ತಾರ. ಸಾಬರ ಮನಿ ಖಾರ ಉಂಡಾರಂದ್ರ ನಾಳೆ ಯಾರು ಹೊಸಿಲು ತುಳೀತಾರ?” ಎಂದರು. ಆಮೇಲೆ ನನ್ನ ಕಡೆ ನೋಡಿ, ನಿನಗೂ ನಡೆಯಲಿಕ್ಕಿಲ್ಲ ಬಿಡು ಎಂದರು. ನಡೆಯುತ್ತದೋ ಇಲ್ಲವೋ ಎಂದು ನನ್ನನ್ನು ಕೇಳಲಿಲ್ಲ. ಆದರೆ ಅಕ್ಕ, ಕೇಳದಿದ್ದರೆ ಏನಾಯಿತು, ನನಗೂ ಬಾಯಿ ಇತ್ತು. ನಾನೂ ಸುಮ್ಮನಿದ್ದೆ. ಸುಮ್ಮನಿರುವುದು ಸಲೀಸಾಗಿತ್ತು. ಇವರು ಹೊರಗೆ ಕೂತು ನಿಮಗೆ ಕಾಗದ ಬರೆಯುತ್ತ ಎಣಗಾಯಿಯ ವರ್ಣನೆಯನ್ನು ಗಟ್ಟಿಯಾಗಿ ಓದುವಾಗ ನಾನು ಒಳಗೆ ಸಪ್ಪನ್ನ ಬೇಳೆ ಕುದಿಸುತ್ತಿದ್ದೆ. ನಗುವೂ ಬರುತ್ತಿತ್ತು.

ನಿನ್ನೆ ಅಟ್ಟ ಹತ್ತಿ ಎಲ್ಲವನ್ನೂ ಇಳಿಸಿದೆ. ನೀವು ಕಟ್ಟಿದ ಗಂಟು ಕಟ್ಟಿದ ಹಾಗೇ ಇದ್ದವು. ಬಿಚ್ಚಿದೆ. ಹಳೆಯವು ಬಣ್ಣ ಬಿಟ್ಟು ಮಣ್ಣಾಗಿವೆ, ಹುಳ ಬಿದ್ದಿವೆ. ಹೋದ ವರ್ಷದ್ದರಲ್ಲಿ ಇಂಗಿನ ವಾಸನೆ ಇನ್ನೂ ಇತ್ತು. ಅದೊಂದನ್ನು ಚೆಲ್ಲುವಾಗ ಕೈ ಬರಲಿಲ್ಲ.

ಭರಣಿಗಳನ್ನು ಬೂದಿ ಹಚ್ಚಿ ತಿಕ್ಕಿ, ಬಿಸಿಲಿಗಿಟ್ಟು, ಅಂಬಾರಾಯನ ಕೈಯಲ್ಲಿ ಕಳಿಸಿದ್ದೇನೆ. ಉಪ್ಪಿನಕಾಯಿ ಎಂದೂ ಹಾಕಿರಲಿಲ್ಲ. ಬಂದ ಪಾತ್ರೆಯನ್ನು ಬರಿದಾಗಿ ತಿರುಗಿಸಬಾರದೆನ್ನುತ್ತಾರೆ. ಒಂದೊಂದರಲ್ಲಿ ಒಂದೊಂದು ಬೆಲ್ಲದ ಅಚ್ಚು ಹಾಕಿದ್ದೇನೆ. ಬೇಡವೆನಿಸಿದರೆ ದನಕ್ಕೆ ಹಾಕಿರಿ, ನನಗೆ ಕೆಡುಕೆನಿಸುವುದಿಲ್ಲ. ಸೀಗೆಪುಡಿಯ ಭರಣಿಯೂ ಜೊತೆಗಿದೆ.

ನಿಮ್ಮ ತಂಗಿ ಎನ್ನಲು ನಾಚುವ,
ಶಿವಕಾಂತಮ್ಮ


ಶಹಾಬಾದ
೧೮ ಆಗಸ್ಟ್ ೧೯೭೪

ಗುರುಲಿಂಗಯ್ಯನವರಿಗೆ,

ಶಿವಕಾಂತಮ್ಮ ವೈನಿಯವರ ಕಾಗದವನ್ನು ಪೂರ್ತಿ ಓದಿ ಹೇಳಿದೆ. ಒಂದು ಸಾಲು ಬಿಡುವ ಆಸೆಯಾಗಿತ್ತು, ಬಿಡಲಿಲ್ಲ. ಬೆಲ್ಲವನ್ನು ಅಮೀರ್‌ಬೀ ದನಕ್ಕೆ ಹಾಕಲಿಲ್ಲ. ಓಣಿಗೆಲ್ಲ ಹಂಚಿದಳು. ಚಿತ್ತಾಪುರದ್ದು ಎಂದು ಹೇಳಿಯೇ ಹಂಚಿದಳು.

ಇದರ ಜೊತೆಗೆ ಅಂಬಾರಾಯ ಒಂದು ಗಂಟು ತರುತ್ತಾನೆ. ಅದರಲ್ಲಿ ಮೆಣಸಿನಕಾಯಿ ಇಡಿಯಾಗಿವೆ, ತೊಟ್ಟನ್ನೂ ತೆಗೆದಿಲ್ಲ. ಕೊತ್ತಂಬರಿ ಬೀಜ, ಜೀರಿಗೆ, ಕಲ್ಲುಹೂವು, ಲವಂಗ, ಒಣಕೊಬ್ಬರಿ ಬೇರೆ ಬೇರೆ ಪುಡಿಕೆಯಲ್ಲಿವೆ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ: “ಅಂಗಡ್ಯಾಂವ ಕಟ್ಟಿದ್ದು ಕಟ್ಟಿದಂಗೇ ಅದ ಅನ್ರಿ. ನಾ ಬಿಚ್ಚಿಲ್ಲ, ಹುರದಿಲ್ಲ, ಕುಟ್ಟಿಲ್ಲ. ಅವರ ಒರಳಿನ್ಯಾಗ ಅವರೇ ಕುಟ್ಕೊಳ್ಳಿ. ಹೆಂಗಾರ ಆಗ್ಲಿ, ಉಣ್ಲಿ.”

ಸಿಟ್ಟಿನಿಂದ ಹೇಳಿದ್ದರೆ ನನಗೆ ಹಗುರಾಗುತ್ತಿತ್ತು. ಸಿಟ್ಟಿರಲಿಲ್ಲ.

ನನ್ನದೊಂದು ಮಾತು. ನಿಮ್ಮ ಕಾಗದಗಳನ್ನೆಲ್ಲ ನಾನು ಇಟ್ಟುಕೊಂಡಿದ್ದೇನೆ. ಹೋದ ವರ್ಷದ ಭರಣಿಯನ್ನು ಯುಗಾದಿಯ ಹಿಂದೆಯೇ ಸವರಿ ಉಂಡೆನೆಂದು ಏಪ್ರಿಲ್‌ನಲ್ಲಿ ಬರೆದವರು, ಜೂನ್‌ನಲ್ಲಿ ಅದೇ ಖಾರ ಡಬ್ಬಿಯಲ್ಲಿ ಉಳಿದಿತ್ತೆಂದು ಬರೆದಿರಿ. ಸುಳ್ಳು ಹೇಳುವುದಿದ್ದರೆ ಹಳೆಯದನ್ನು ನೆನಪಿಟ್ಟಾದರೂ ಹೇಳಬೇಕು. ಮೊಕ್ಕಾಮಿನಲ್ಲಿ ನೀವು ನನ್ನ ತಾಟಿಗೆ ಕೈಹಾಕಿ ಉಂಡಿರಿ. ಕಿರೀಟ ತೆಗೆದಿಟ್ಟ ಮೇಲೆ ಉಂಡದ್ದರಿಂದ ಅದು ನಾಟಕವಲ್ಲ ಎಂದು ತಿಳಿದಿದ್ದೆ. ಪಾರ್ಟು ಯಾವುದಿತ್ತು, ಅಲ್ಲಿನದೋ, ಮನೆಯಲ್ಲಿನದೋ? ಇದೊಂದನ್ನು ಯೋಚಿಸುತ್ತ ಕೂತರೆ ಹೊಲಿಗೆ ಸೊಟ್ಟ ಹೋಗುತ್ತದೆ.

ಬಂದೇನವಾಜ್


ಚಿತ್ತಾಪುರ
೨೦ ಅಕ್ಟೋಬರ್ ೧೯೭೪

ಬಂದೇನವಾಜ್,

ಗಂಟು ಬಂತು. ಕುಟ್ಟಿಲ್ಲ. ನಿಮ್ಮ ಮೆಣಸಿನಕಾಯಿಯನ್ನು ನನ್ನ ಒರಳಿನಲ್ಲಿ ಕುಟ್ಟಿದರೆ ಮಡಿ ಉಳಿದು ನಾನು ಗೆದ್ದಂತಾಗುತ್ತದೆ. ಗೆಲ್ಲುವ ಮುಖ ನನಗಿಲ್ಲ.

ಬರುವ ತಿಂಗಳು ಮೊದಲ ರವಿವಾರ ಇಬ್ಬರೂ ಗಂಟು ತೆಗೆದುಕೊಂಡು ಅಲ್ಲಿಗೆ ಬರುತ್ತೇವೆ. ಭಾಬಿಯವರ ಒರಳು, ಭಾಬಿಯವರ ಕೈ. ಬೇಡವೆಂದು ಬರೆದರೆ ಬರುವುದಿಲ್ಲ. ಏನೂ ಬರೆಯದಿದ್ದರೆ ಬರುತ್ತೇವೆ.

ಗುರುಲಿಂಗಯ್ಯ


ಚಿತ್ತಾಪುರ
೧೦ ನವೆಂಬರ್ ೧೯೭೪

ಬಂದೇನವಾಜ್,

ನಿನ್ನ ಮನೆಯಲ್ಲಿ ಆಡಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಲ್ಲಿಂದ ಬಂದ ಮೇಲೆ ದನಿ ಎತ್ತರಿಸಲು ಆಗುತ್ತಿಲ್ಲ. ಪೂಜೆಗೆ ಬಂದವರು, ಅಯ್ಯನವರಿಗೆ ನೆಗಡಿಯೇ ಎಂದು ಕೇಳುತ್ತಾರೆ.

ವಾಡಿಯಲ್ಲಿ ಗಾಡಿ ಬದಲಿಸುವಾಗ ನಾನು ಒಂದು ಮಾತನ್ನು ಕಟ್ಟುತ್ತಿದ್ದೆ. ಹೊಸಿಲಲ್ಲಿ ನಿಂತು ಹೇಳಬೇಕಾದದ್ದು. ಎಲ್ಲಿ ದನಿ ಇಳಿಸಬೇಕು, ಎಲ್ಲಿ ಕೈ ಜೋಡಿಸಬೇಕು, ಎಲ್ಲ ಕೂಡಿಸಿಕೊಂಡಿದ್ದೆ. ಅದನ್ನೂ ನಿನ್ನಿಂದ ಮುಚ್ಚಿಡುವುದಿಲ್ಲ. ತಪ್ಪೊಪ್ಪಿಕೊಳ್ಳುವುದಕ್ಕೂ ನನಗೆ ತಾಲೀಮು ಬೇಕಾಯಿತು.

ನೀನು ಬಾಗಿಲು ತೆರೆದೆ. ಭಾಬಿ ಒಳಗಿನಿಂದ, “ಬರ್ರಿ, ಒಳಗ ಕುಂದ್ರಿ, ಬಿಸಲಾಗ ಬಂದೀರಿ” ಎಂದರು. ಅಷ್ಟೇ. ನನ್ನ ಮಾತಿಗೆ ಜಾಗವೇ ಸಿಗಲಿಲ್ಲ. ಶಿವಕಾಂತಮ್ಮ ಗಂಟು ಹಿಡಿದು ನೇರ ಒಳಗೆ ಹೋದಳು. ನೀನು ಮಿಷನ್ನಿನ ಮುಂದೆ ಕೂತೆ. ನಾನು ನಿನ್ನ ಬೆನ್ನು ನೋಡುತ್ತ ಕೂತೆ. ಒಳಗೆ ಒನಕೆಯ ಸದ್ದು ಶುರುವಾಯಿತು. ಮೊದಲು ಒಂದೇ, ಆಮೇಲೆ ಎರಡು. ಇಬ್ಬರೂ ಕೆಮ್ಮುತ್ತಿದ್ದರು. ಒಮ್ಮೆ ಇಬ್ಬರೂ ನಕ್ಕರು. ಏನಕ್ಕೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಆ ನಗುವಿನೊಳಗೆ ನಾನೇ ಇದ್ದಿರಬೇಕು.

ಊಟಕ್ಕೆ ಕೂತಾಗ ಭಾಬಿ, “ಗಡಿಗಿ ಹೊಸದದ. ತಾಟೂ ಹೊಸವು. ಅನುಮಾನ ಮಾಡಬ್ಯಾಡ್ರಿ” ಎಂದರು. ನಾನು ಕೇಳಿರಲಿಲ್ಲ, ನೀನೂ ಹೇಳಿರಲಿಕ್ಕಿಲ್ಲ. ಅವರೇ ಬಜಾರಿಗೆ ಹೋಗಿ, ನಮ್ಮ ಮಡಿಗೆ ಎಷ್ಟು ಬೇಕೋ ಅಷ್ಟನ್ನು ಅಳೆದು ತಂದಿದ್ದರು. ಬಂದೇನವಾಜ್, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಶಿವಕಾಂತಮ್ಮ ತಲೆ ತಗ್ಗಿಸಿ, “ಹಳೀ ಗಡಿಗ್ಯಾಗ ಮಾಡಿದ್ರೂ ಉಣ್ತಿದ್ದೆ ಅಕ್ಕ” ಎಂದಳು. ಭಾಬಿ ಅವಳ ಮುಖವನ್ನೊಮ್ಮೆ ನೋಡಿ, “ಅದು ನನಗ ಹ್ಯಾಂಗ ತಿಳೀಬೇಕಾಗಿತ್ತವ್ವ?” ಎಂದರು.

ಎಣಗಾಯಿ ಬಡಿಸಿದರು. ಅದೇ ಆಗ ಕುಟ್ಟಿದ ಖಾರ. ರೊಟ್ಟಿ ಮುರಿದು ಬಾಯಿಗಿಟ್ಟೆ. ಎಲ್ಲರೂ ನನ್ನ ಕಡೆಗೇ ನೋಡುತ್ತಿದ್ದಿರಿ. ನನ್ನ ಬಾಯಿ ತಾನಾಗಿಯೇ ಹೊಗಳಿಕೆಗೆ ತೆರೆಯಿತು. ಅಭ್ಯಾಸ. “ಆಹಾ ಭಾಬಿ” ಎಂದಷ್ಟೇ ಅಂದಿದ್ದೆ. ಅವರು ರೊಟ್ಟಿಯ ಬುಟ್ಟಿ ಕೆಳಗಿಟ್ಟು, “ಬ್ಯಾಡ್ರಿ ಸ್ವಾಮ್ಯಾರ. ಹೊಗಳಬ್ಯಾಡ್ರಿ. ಉಣ್ರಿ” ಎಂದರು.

ಉಂಡೆ. ತಲೆ ಎತ್ತಲಿಲ್ಲ. ಹಾಕಿದ್ದನ್ನೆಲ್ಲ ಉಂಡೆ. ನೀನು ನೀರಿನ ತಂಬಿಗೆಯನ್ನು ಮಾತ್ರ ನನ್ನ ಕಡೆ ಸರಿಸಿದೆ.

ತಿರುಗಿ ಬರುವಾಗ ಗಾಡಿಯಲ್ಲಿ ಶಿವಕಾಂತಮ್ಮ ಕೇಳಿದಳು, ಖಾರ ಹೇಗಿತ್ತೆಂದು. ಸೇಡಂ ಕಡೆಗೆ ಹೋಗುವ ಮಂದಿ ಎದುರಿಗೆ ಕೂತು ನಮ್ಮನ್ನೇ ನೋಡುತ್ತಿದ್ದರು. ಅವಳು ಮತ್ತೆ ಕೇಳಿದಳು. ಗೊತ್ತಿಲ್ಲ ಎಂದೆ. ಅವಳು ನಂಬಲಿಲ್ಲ. ನೀನು ನಂಬು. ನಾಚಿಕೆ ತುಂಬಿದ ಬಾಯಿಗೆ ಏನೂ ಹತ್ತಲಿಲ್ಲ. ಖಾರವೋ ಸಪ್ಪೆಯೋ, ಉಪ್ಪಿತ್ತೋ ಇಲ್ಲವೋ, ಒಂದೂ ತಿಳಿಯಲಿಲ್ಲ. ಉಣ್ಣದೇ ಇದ್ದಾಗ ಪುಟಗಟ್ಟಲೆ ಬರೆದವನು ಉಂಡು ಬಂದು ಒಂದು ಸಾಲು ಬರೆಯಲಾರದೆ ಕೂತಿದ್ದೇನೆ.

ಖಾರ ಹೇಗಿತ್ತೆಂದು ಭಾಬಿ ಕೇಳಿದರೆ ಇದನ್ನೇ ಓದಿ ಹೇಳು. ನನಗೆ ಗೊತ್ತಿಲ್ಲ. ಗೊತ್ತಾಗಬೇಕಾದರೆ ಇನ್ನೊಮ್ಮೆ ಬಂದು ಉಣ್ಣಬೇಕು. ಬಾ ಎಂದು ನೀವು ಕರೆಯುವವರೆಗೆ ಬರುವುದಿಲ್ಲ.

ಗುರುಲಿಂಗಯ್ಯ